ಬೆಳಿಗ್ಗೆ ಹಠ, ಮಧ್ಯಾಹ್ನ ಸಲೀಸು: ಹಳೇ ಮಿನಿ ಟ್ರ್ಯಾಕ್ಟರ್ ಸ್ಟಾರ್ಟಿಂಗ್ ತೊಂದರೆ, ಮೇಸ್ತ್ರಿಗೆ ಪ್ರಶ್ನೆ

ಪ್ರಶ್ನೆ (ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿ ರೈತ): ಮೇಸ್ತ್ರಿ ಅಣ್ಣ, ನಮಸ್ಕಾರ. ನನ್ನದು ಎರಡು ಎಕರೆ ದ್ರಾಕ್ಷಿ. ಸಾಲಿನ ಮಧ್ಯೆ ಓಡಾಡಲಿ ಅಂತ 18 ಎಚ್‌ಪಿ, ಮೂರು ಸಿಲಿಂಡರ್ ಮಿನಿ ಟ್ರ್ಯಾಕ್ಟರ್ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ. ಗಾಡಿಗೆ ಹದಿನೈದು ವರ್ಷ ಆಗಿದೆ. ಈಗ ಚಳಿ ಶುರುವಾದ ಮೇಲೆ ಬೆಳಿಗ್ಗೆ ಸ್ಟಾರ್ಟೇ ಆಗುವುದಿಲ್ಲ. ಸೆಲ್ಫ್ ಹೊಡೆದು ಹೊಡೆದು ಸಾಕಾಗುತ್ತದೆ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬರುತ್ತದೆ, ಕಣ್ಣು ಉರಿಯುತ್ತದೆ. ಪಕ್ಕದ ತೋಟದವರ ದೊಡ್ಡ ಟ್ರ್ಯಾಕ್ಟರ್ ಕಟ್ಟಿ ಎಳೆದರೆ ಹತ್ತು ಅಡಿಯಲ್ಲಿ ಸ್ಟಾರ್ಟ್. ಒಂದು ನಿಮಿಷ ಕಟಕಟ ಅಂತ ನಡುಗಿ ಆಮೇಲೆ ಸರಿಹೋಗುತ್ತದೆ. ಮಧ್ಯಾಹ್ನ ಕೀ ಮುಟ್ಟಿದರೆ ಸಾಕು. ಇಲ್ಲಿ ಒಬ್ಬರಿಗೆ ತೋರಿಸಿದೆ. ಡೀಸೆಲ್ ಪಂಪ್ ಬಿಚ್ಚಬೇಕು, ಅದಕ್ಕೂ ಆಗದಿದ್ದರೆ ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು ಅಂದರು. ಬೆಳಗಿನ ಹೊತ್ತೇ ಔಷಧಿ ಹೊಡೆಯಬೇಕು, ದಿನಾ ಇನ್ನೊಬ್ಬರ ಮನೆ ಬಾಗಿಲು ತಟ್ಟುವುದು ಕಷ್ಟ. ಏನು ಮಾಡಲಿ? ಬ್ಯಾಟರಿ ಹಾಕಿ ಎಂಟು ತಿಂಗಳಾಗಿದೆ.

ಮೇಸ್ತ್ರಿ: ಪಂಪ್‌ಗೆ ಸ್ಪ್ಯಾನರ್ ಹಾಕಬೇಡಿ. ಎಂಜಿನ್ ಇಳಿಸುವ ಮಾತು ಇನ್ನೂ ದೂರ ಇರಲಿ. ಉತ್ತರ ನೀವು ಬರೆದದ್ದರಲ್ಲೇ ಮುಕ್ಕಾಲು ಭಾಗ ಇದೆ.

ಬಿಳಿ ಹೊಗೆ, ಕಣ್ಣುರಿ ಅಂದಿರಲ್ಲ, ಅದು ಉರಿಯದ ಡೀಸೆಲ್. ಅಂದರೆ ಡೀಸೆಲ್ ಒಳಗೆ ಬೀಳುತ್ತಿದೆ, ಪಂಪ್ ಕೆಲಸ ಮಾಡುತ್ತಿದೆ. ಬೀಳುತ್ತಿರುವ ಡೀಸೆಲ್‌ಗೆ ಬೆಂಕಿ ಹತ್ತುತ್ತಿಲ್ಲ, ಅಷ್ಟೆ. ಪೆಟ್ರೋಲ್ ಗಾಡಿಯಂತೆ ಇದರಲ್ಲಿ ಕಿಡಿ ಹಾರುವುದಿಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಯಲ್ಲೇ ಡೀಸೆಲ್ ಹತ್ತಿಕೊಳ್ಳಬೇಕು. ಎಳೆದರೆ ಯಾಕೆ ಸ್ಟಾರ್ಟ್ ಆಗುತ್ತದೆ ಗೊತ್ತಾ? ಎಳೆದಾಗ ಎಂಜಿನ್ ಸೆಲ್ಫ್‌ಗಿಂತ ಜೋರಾಗಿ ತಿರುಗುತ್ತದೆ. ಒತ್ತಿದ ಗಾಳಿಯ ಬಿಸಿ ತಣ್ಣನೆ ಕಬ್ಬಿಣಕ್ಕೆ ಇಳಿಯುವಷ್ಟು ಹೊತ್ತು ಸಿಗುವುದಿಲ್ಲ. ಹಾಗಾಗಿ ನಿಮಗೆ ಕಡಿಮೆ ಬಿದ್ದಿರುವುದು ಬಿಸಿ, ಇಲ್ಲಾ ತಿರುಗುವ ವೇಗ, ಇಲ್ಲಾ ಎರಡೂ.

ಒಂದು ಪ್ರಶ್ನೆ: ಸೆಲ್ಫ್ ಹೊಡೆಯುವ ಮುಂಚೆ ನೀವು ಹೀಟರ್ ಹಾಕುತ್ತೀರಾ?

ಪ್ರಶ್ನೆ ಕೇಳಿದವರು: ಹೀಟರಾ? ನಮ್ಮ ಗಾಡಿಗೆ ಅದು ಇದೆಯಾ ಅಂತಲೇ ಗೊತ್ತಿಲ್ಲ ಅಣ್ಣ. ಮಾರಿದವರು ಹೇಳಲಿಲ್ಲ.

ಮೇಸ್ತ್ರಿ: ಅದೇ ನೋಡಿ. ಈ ಸೈಜಿನ ಹಳೇ ಮೂರು ಸಿಲಿಂಡರ್ ಎಂಜಿನ್‌ಗಳಲ್ಲಿ ಬಹಳಷ್ಟಕ್ಕೆ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುವುದಿಲ್ಲ. ಹೆಡ್ ಒಳಗೆ ನಿಂಬೆಹಣ್ಣಿನಂಥ ಸಣ್ಣ ಗೂಡು ಇರುತ್ತದೆ, ಮೊದಲು ಅಲ್ಲಿ ಹತ್ತಿ ಆಮೇಲೆ ಹೊರಗೆ ಬರುತ್ತದೆ. ಓಡುವಾಗ ನುಣುಪು, ಸದ್ದು ಕಡಿಮೆ. ಆದರೆ ತಣ್ಣಗಿದ್ದಾಗ ಆ ಗೂಡಿನ ಗೋಡೆಯೇ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. ಅದಕ್ಕೇ ಒಂದೊಂದು ಗೂಡಿಗೂ ಒಂದೊಂದು ಹೀಟರ್ ಪ್ಲಗ್ ಕೊಟ್ಟಿರುತ್ತಾರೆ. ದೊಡ್ಡ ಟ್ರ್ಯಾಕ್ಟರ್‌ಗಳಲ್ಲಿ ಡೀಸೆಲ್ ನೇರವಾಗಿ ಬೀಳುವುದರಿಂದ ನಮ್ಮ ಹವಾಮಾನಕ್ಕೆ ಹೆಚ್ಚಿನವಕ್ಕೆ ಹೀಟರ್ ಬೇಕಾಗುವುದಿಲ್ಲ. ದೊಡ್ಡ ಗಾಡಿ ಬಿಚ್ಚಿ ಬಿಚ್ಚಿ ಕೈ ಪಳಗಿದವರಿಗೆ ಚಿಕ್ಕದರ ಹೀಟರ್ ನೆನಪಾಗುವುದಿಲ್ಲ, ಸೀದಾ ಪಂಪ್‌ಗೆ ಕೈ ಹಾಕುತ್ತಾರೆ. ತಪ್ಪು ಅಂತಲ್ಲ, ಅಭ್ಯಾಸ. ನಾನೂ ಶುರುವಿನಲ್ಲಿ ಹಾಗೇ ಮಾಡಿ ಒಂದು ಒಳ್ಳೇ ಪಂಪನ್ನು ಸುಮ್ನೆ ಪಂಪ್, ನಾಜಲ್ ರಿಪೇರಿ ಮಾಡುವ ಲ್ಯಾಬ್‌ಗೆ ಕಳಿಸಿದ್ದೇನೆ.

ನಿಮ್ಮ ಜಾಗವೂ ನೋಡಿ. ನಂದಿ ಬೆಟ್ಟ 1,478 ಮೀಟರ್. ಕೆಳಗಿನ ಊರುಗಳೇ ಹೆಚ್ಚುಕಡಿಮೆ 900 ಮೀಟರ್ ಎತ್ತರದಲ್ಲಿವೆ. ಸಮುದ್ರದ ದಡಕ್ಕಿಂತ ಇಲ್ಲಿ ಗಾಳಿ ಹತ್ತರಲ್ಲಿ ಒಂದು ಪಾಲು ತೆಳು. ಅದರ ಮೇಲೆ ಡಿಸೆಂಬರ್ ಮಂಜು. ಬೇಸಿಗೆಯಲ್ಲಿ ಹೀಟರ್ ಇಲ್ಲದೆ ಹೇಗೋ ಏಗುತ್ತಿದ್ದ ಎಂಜಿನ್ ಚಳಿಗಾಲದಲ್ಲಿ ಕೈಕೊಡುತ್ತದೆ.

ಈಗ ಹೀಗೆ ಮಾಡಿ. ಹೆಡ್ ಪಕ್ಕದಲ್ಲಿ, ಡೀಸೆಲ್ ಚಿಮ್ಮಿಸುವ ನಾಜಲ್‌ಗಳ ಹತ್ತಿರ, ಪೆನ್ಸಿಲ್ ದಪ್ಪದ ಮೂರು ಪ್ಲಗ್ ಕಾಣುತ್ತವೆ. ಮೂರನ್ನೂ ಒಂದು ತಗಡಿನ ಪಟ್ಟಿ ಸೇರಿಸಿರುತ್ತದೆ. ಮೊದಲು ಆ ಪಟ್ಟಿ ಬಿಚ್ಚಿ. ಇದು ಮುಖ್ಯ. ಪಟ್ಟಿ ಇಟ್ಟುಕೊಂಡೇ ಟೆಸ್ಟ್ ಮಾಡಿದರೆ ಒಂದು ಚೆನ್ನಾಗಿದ್ದರೂ ಮೂರೂ ಚೆನ್ನಾಗಿರುವ ಹಾಗೆ ತೋರಿಸುತ್ತದೆ. ಆಮೇಲೆ ಇಂಡಿಕೇಟರ್‌ನ 21 ವ್ಯಾಟ್ ಬಲ್ಬ್‌ಗೆ ಎರಡು ವೈರ್ ಕಟ್ಟಿ, ಒಂದನ್ನು ಬ್ಯಾಟರಿ ಪ್ಲಸ್‌ಗೆ, ಇನ್ನೊಂದನ್ನು ಪ್ಲಗ್ ತುದಿಗೆ ಮುಟ್ಟಿಸಿ. ಬಲ್ಬ್ ಉರಿಯಲೇ ಇಲ್ಲ ಅಂದರೆ ಆ ಪ್ಲಗ್ ಸತ್ತಿದೆ. ಮಲ್ಟಿಮೀಟರ್ ಇದ್ದರೆ ಒಂದು ಓಮ್ ಆಸುಪಾಸು ತೋರಿಸಬೇಕು.

ಬಲ್ಬ್ ಉರಿದರೆ ಪ್ಲಗ್ ಒಳಗಿನ ವೈರ್ ತುಂಡಾಗಿಲ್ಲ ಅಂತ ಮಾತ್ರ ಅರ್ಥ. ಕಾಯುತ್ತದೋ ಇಲ್ಲವೋ ನೋಡಲು ಪ್ಲಗ್ ಹೊರಗೆ ತೆಗೆದು ಬ್ಯಾಟರಿಗೆ ಕೊಟ್ಟು ನೋಡಬೇಕು, ತುದಿ ಕೆಂಪಗಾಗಬೇಕು. ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿಯಿರಿ, ಬರಿಗೈಯಲ್ಲಿ ಬೇಡ. ಹಾಗೇ ಮೈಮೇಲೆ ಎಷ್ಟು ವೋಲ್ಟ್ ಅಂತ ಬರೆದಿದೆ ಓದಿ. ಕೆಲವು 12ಕ್ಕಿಂತ ಕಡಿಮೆ ವೋಲ್ಟಿನವು ಇರುತ್ತವೆ, ಅವಕ್ಕೆ ಪೂರ್ತಿ 12 ಕೊಟ್ಟರೆ ಕೈಯಲ್ಲೇ ಸುಟ್ಟುಹೋಗುತ್ತವೆ.

ಇನ್ನು ಕೀ. ಕೆಲವು ಗಾಡಿಯಲ್ಲಿ ಎಡಕ್ಕೆ ತಿರುಗಿಸಿ ಹಿಡಿದರೆ ಹೀಟ್, ಕೆಲವದರಲ್ಲಿ ಬೇರೆ ಬಟನ್. 15ರಿಂದ 20 ಸೆಕೆಂಡ್ ಹಿಡಿದು, ತಡಮಾಡದೆ ಸೆಲ್ಫ್ ಹೊಡೆಯಬೇಕು.

ಇನ್ನೊಬ್ಬರು (ಗೌರಿಬಿದನೂರು): ಇಷ್ಟೆಲ್ಲ ಯಾಕೆ ಸಾರ್, ಬಟ್ಟೆಗೆ ಪೆಟ್ರೋಲ್ ಹಾಕಿ ಏರ್ ಫಿಲ್ಟರ್ ಬಾಯಿಗೆ ಹಿಡಿದರೆ ಒಂದೇ ಏಟಿಗೆ ಸ್ಟಾರ್ಟ್.

ಮೇಸ್ತ್ರಿ: ಆಗುತ್ತದೆ, ಸುಳ್ಳಲ್ಲ. ಒಂದು ದಿನ ಫಿಲ್ಟರ್ ಡಬ್ಬವೂ ಹಾರುತ್ತದೆ. ನನ್ನ ಶೆಡ್‌ನಲ್ಲೇ ಒಬ್ಬ ಹುಡುಗನ ಹುಬ್ಬು ಸುಟ್ಟುಹೋಯಿತು, ಕಣ್ಣು ಉಳಿದದ್ದೇ ಪುಣ್ಯ. ಹೀಟರ್ ಪ್ಲಗ್ ಇರುವ ಗಾಡಿಗೆ ಪೆಟ್ರೋಲ್ ಬಟ್ಟೆಯೂ ಬೇಡ, ಸ್ಟಾರ್ಟಿಂಗ್ ಸ್ಪ್ರೇಯೂ ಬೇಡ. ಪ್ಲಗ್ ಕೆಂಪಗಿರುವಾಗ ಆ ಹಬೆ ಒಳಗೆ ಹೋದರೆ ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಸಿಡಿಯುತ್ತದೆ. ರಿಂಗ್ ಮುರಿಯುತ್ತದೆ, ಪಿಸ್ಟನ್ ಬಿರುಕು ಬಿಡುತ್ತದೆ. ಆಮೇಲೆ ನಿಜವಾಗಿಯೂ ಎಂಜಿನ್ ಇಳಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಅಣ್ಣ, ನೋಡಿದೆ. ಮೂರರಲ್ಲಿ ಎರಡು ಸತ್ತಿವೆ! ಪ್ಲಗ್ ಮೇಲೆ 12 ವೋಲ್ಟ್ ಅಂತಲೇ ಇದೆ. ಕೀ ಎಡಕ್ಕೆ ತಿರುಗುತ್ತದೆ, ಇಷ್ಟು ದಿನ ಗೊತ್ತೇ ಇರಲಿಲ್ಲ. ಆದರೆ ಹಾಗೆ ಹಿಡಿದಾಗ ಪಟ್ಟಿಯಲ್ಲಿ ಮೀಟರ್ ಬರೀ 7 ವೋಲ್ಟ್ ತೋರಿಸುತ್ತದೆ. ಬ್ಯಾಟರಿಯಲ್ಲಿ 12.5 ಇದೆ.

ಮೇಸ್ತ್ರಿ: ಒಂದೇ ಪ್ಲಗ್ ಎಳೆಯುತ್ತಿರುವಾಗಲೇ ಐದೂವರೆ ವೋಲ್ಟ್ ದಾರಿಯಲ್ಲಿ ಕಳೆದುಹೋಗುತ್ತಿದೆ ಅಂದರೆ ಕೀ ಸ್ವಿಚ್ ಒಳಗಿನ ತಾಮ್ರ ಸುಟ್ಟು ಕಪ್ಪಾಗಿದೆ, ಇಲ್ಲಾ ಮಧ್ಯೆ ಯಾರೋ ತೆಳ್ಳನೆ ವೈರ್ ಹೆಣೆದಿದ್ದಾರೆ. ಪ್ಲಗ್ ಮಾತ್ರ ಬದಲಿಸಿದರೆ ಪ್ರಯೋಜನವಿಲ್ಲ. ಮೂರೂ ಹೊಸದು ಹಾಕಿ, ಕೀಯಿಂದ ಬರುವ ವೈರನ್ನು ಒಂದು 70 ಆಂಪಿಯರ್ ರಿಲೇಗೆ ಕೊಡಿ, ಅಂದರೆ ಕೀಯ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಬಿಡುವ ಸ್ವಿಚ್‌ಗೆ. ಬ್ಯಾಟರಿಯಿಂದ ರಿಲೇಗೆ, ರಿಲೇಯಿಂದ ಪಟ್ಟಿಗೆ 6 ಚದರ ಮಿ.ಮೀ. ವೈರ್. ಬ್ಯಾಟರಿ ಪಕ್ಕದಲ್ಲೇ 50 ಆಂಪಿಯರ್ ಪಟ್ಟಿ ಫ್ಯೂಸ್. ಫ್ಯೂಸ್ ಇಲ್ಲದೆ ಮಾಡುವುದಾದರೆ ಮಾಡಲೇಬೇಡಿ, ಬಾನೆಟ್ ಕೆಳಗೆ ಬೆಂಕಿ ಹತ್ತುತ್ತದೆ.

ಬೇರೆಯವರು ಓದುತ್ತಿದ್ದರೆ ಒಂದು ಮಾತು. ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪಗಾಗುವ ಸುರುಳಿ ತಂತಿ ಇರುವ ಗಾಡಿಗೆ ಈ ರಿಲೇ ಕೆಲಸ ಕಣ್ಣು ಮುಚ್ಚಿ ಮಾಡಬೇಡಿ. ಆ ಸುರುಳಿ ಸ್ವಲ್ಪ ವೋಲ್ಟ್ ತಿನ್ನುತ್ತದೆ ಅಂತ ಲೆಕ್ಕ ಹಾಕಿಯೇ ಕಡಿಮೆ ವೋಲ್ಟಿನ ಪ್ಲಗ್ ಕೊಟ್ಟಿರುತ್ತಾರೆ.

ತಿರುಗುವ ವೇಗ ಕಡಿಮೆಯಾ ನೋಡಲು ಇನ್ನೊಂದು ಅಳತೆ ಬೇಕು. ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಮೈನಸ್ ಗೂಟಕ್ಕೆ, ಇನ್ನೊಂದು ಎಂಜಿನ್‌ನ ಬರೀ ಕಬ್ಬಿಣಕ್ಕೆ, ಪೇಂಟ್ ಮೇಲಲ್ಲ. ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತ್, ಅಂದರೆ ಬ್ಯಾಟರಿ ಮೈನಸ್‌ನಿಂದ ಎಂಜಿನ್‌ಗೆ ಹೋಗುವ ದಾರಿ, ಕೆಟ್ಟಿದೆ. ಆಗಲೇ ಬ್ಯಾಟರಿ ಎಷ್ಟಕ್ಕೆ ಇಳಿಯುತ್ತದೆ ಅದನ್ನೂ ನೋಡಿ, ಹತ್ತಕ್ಕಿಂತ ಕೆಳಗೆ ಹೋಗಬಾರದು. ಒಂದು ಸಲಕ್ಕೆ ಹತ್ತು ಸೆಕೆಂಡ್ ಮಾತ್ರ ಸೆಲ್ಫ್. ಆಮೇಲೆ ಒಂದು ನಿಮಿಷ ಬಿಡಿ, ಮೋಟಾರ್ ತಣ್ಣಗಾಗಲಿ.

ಇನ್ನೊಬ್ಬರು (ಕೋಲಾರ, ಟೊಮೆಟೊ ಬೆಳೆಗಾರ): ಮಧ್ಯೆ ಬರುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನದೂ ಬೆಳಿಗ್ಗೆ ಇದೇ ಗೋಳು. ಆದರೆ ಹೊಗೆಯೇ ಬರುವುದಿಲ್ಲ. ಹ್ಯಾಂಡ್ ಪಂಪ್ ಇಪ್ಪತ್ತು ಸಲ ಒತ್ತಿದರೆ ಸ್ಟಾರ್ಟ್ ಆಗುತ್ತದೆ. ಟ್ಯಾಂಕ್ ಸೀಟಿನ ಕೆಳಗಿದೆ.

ಮೇಸ್ತ್ರಿ: ನಿಮ್ಮದು ಬೇರೆ ಕಾಯಿಲೆ. ಹೊಗೆ ಇಲ್ಲ ಅಂದರೆ ಡೀಸೆಲ್ಲೇ ತಲುಪುತ್ತಿಲ್ಲ. ಮೊದಲು ಎಂಜಿನ್ ಆಫ್ ಮಾಡಲು ಎಳೆಯುವ ಸ್ಟಾಪ್ ಕೇಬಲ್ ನೋಡಿ. ಅದು ಪೂರ್ತಿ ವಾಪಸ್ ಹೋಗದೆ ಅರ್ಧಕ್ಕೇ ಸಿಕ್ಕಿಕೊಂಡಿದ್ದರೆ ಪಂಪ್ ಡೀಸೆಲ್ ಕೊಡುವುದಿಲ್ಲ. ನಗಬೇಡಿ, ಇದೊಂದಕ್ಕೇ ವರ್ಷಕ್ಕೆ ನಾಲ್ಕೈದು ಗಾಡಿ ನನ್ನ ಹತ್ತಿರ ಎಳೆದುಕೊಂಡು ಬರುತ್ತಾರೆ.

ಕೇಬಲ್ ಸರಿ ಇದ್ದರೆ ಪೈಪ್ ಗಾಳಿ ಎಳೆಯುತ್ತಿದೆ. ರಾತ್ರಿ ಡೀಸೆಲ್ ನಿಧಾನಕ್ಕೆ ಟ್ಯಾಂಕ್‌ಗೆ ಇಳಿದುಬಿಡುತ್ತದೆ. ಟ್ಯಾಂಕ್‌ನಿಂದ ಫೀಡ್ ಪಂಪ್‌ವರೆಗಿನ ಪೈಪ್ ಎಳೆಯುವ ಕಡೆಯದು, ಒತ್ತುವ ಕಡೆಯದಲ್ಲ. ಅಲ್ಲಿ ಸೀಳಿದ್ದರೆ ಗಾಳಿ ಒಳಗೆ ಹೋಗುತ್ತದೆ, ಡೀಸೆಲ್ ಒಂದು ಹನಿಯೂ ಹೊರಗೆ ಕಾಣುವುದಿಲ್ಲ. ಎಲ್ಲರೂ ಮೋಸಹೋಗುವುದು ಇಲ್ಲೇ. ಫೀಡ್ ಪಂಪ್‌ಗೆ ಬರುವ ರಬ್ಬರ್ ಪೈಪ್ ಬದಲು ಎರಡು ದಿನ ಪಾರದರ್ಶಕ ಪೈಪ್ ಹಾಕಿ ನೋಡಿ. ಗುಳ್ಳೆ ಓಡುವುದು ಕಣ್ಣಿಗೇ ಕಾಣುತ್ತದೆ. ಹೆಚ್ಚಾಗಿ ತಪ್ಪು ಡೀಸೆಲ್‌ನ ಕಸ ನಿಲ್ಲುವ ಗಾಜಿನ ಬಟ್ಟಲಿನ ಗ್ಯಾಸ್ಕೆಟ್‌ನಲ್ಲಿ, ಬಿರುಕು ಬಿಟ್ಟ ರಬ್ಬರ್‌ನಲ್ಲಿ, ಇಲ್ಲಾ ಹಳೇ ತಾಮ್ರದ ವಾಷರ್‌ನಲ್ಲಿ ಇರುತ್ತದೆ. ಬಿಚ್ಚಿದ ಕಡೆಯೆಲ್ಲ ಹೊಸ ವಾಷರ್ ಹಾಕಿ. ಆಮೇಲೆ ಏರ್ ತೆಗೆಯಿರಿ: ಮೊದಲು ಫಿಲ್ಟರ್ ಮೇಲಿನ ಸ್ಕ್ರೂ, ಆಮೇಲೆ ಪಂಪ್‌ನದು, ಕೊನೆಗೆ ನಾಜಲ್ ನಟ್.

ಇನ್ನೊಬ್ಬರು (ಶಿಡ್ಲಘಟ್ಟ): ಅಣ್ಣ, ನಮ್ಮ ಮನೆಯವರು ಕೀ ಕೆಲಸ ಮಾಡದಿದ್ದರೆ ಕೆಳಗೆ ನಿಂತು ಸೆಲ್ಫ್ ಮೋಟಾರ್‌ಗೆ ಸ್ಪ್ಯಾನರ್ ಮುಟ್ಟಿಸಿ ಸ್ಟಾರ್ಟ್ ಮಾಡುತ್ತಾರೆ. ಕಿಡಿ ಹಾರುತ್ತದೆ. ನನಗೆ ಭಯ. ಎಂಜಿನ್‌ಗೆ ಏನೂ ಆಗಲ್ವಾ?

ಮೇಸ್ತ್ರಿ: ಅಕ್ಕ, ಎಂಜಿನ್ ಹಾಳಾಗಲಿ ಬಿಡಿ. ಹಾಗೆ ಮಾಡಿದಾಗ ಗೇರ್‌ನಲ್ಲಿದ್ದರೂ ಗಾಡಿ ಸ್ಟಾರ್ಟ್ ಆಗುತ್ತದೆ. ಕ್ಲಚ್ ಸ್ವಿಚ್, ನ್ಯೂಟ್ರಲ್ ಸ್ವಿಚ್ ಯಾವುದಕ್ಕೂ ಅಲ್ಲಿ ಕೆಲಸ ಇಲ್ಲ. ನಿಂತಿರುವುದು ಹಿಂದಿನ ಚಕ್ರದ ಮುಂದೆ. ಚಕ್ರ ಹತ್ತಿಬಿಡುತ್ತದೆ. ಈ ಸಂದೇಶವನ್ನೇ ಅವರಿಗೆ ತೋರಿಸಿ. ತೊಂದರೆ ಸಾಮಾನ್ಯವಾಗಿ ಸಣ್ಣದು: ಕೀಯಿಂದ ಸೆಲ್ಫ್‌ಗೆ ಹೋಗುವ ಸಣ್ಣ ವೈರ್‌ನ ಕಣ್ಣು ತುಕ್ಕು ಹಿಡಿದಿರುತ್ತದೆ, ಇಲ್ಲಾ ನ್ಯೂಟ್ರಲ್ ಸ್ವಿಚ್ ಕೆಟ್ಟಿರುತ್ತದೆ. ಯಾವುದೇ ಎಲೆಕ್ಟ್ರಿಷಿಯನ್ ಅರ್ಧ ಗಂಟೆಯಲ್ಲಿ ಮುಗಿಸುತ್ತಾನೆ. ಸ್ವಿಚ್ ಕೆಟ್ಟಿದ್ದರೆ ಹೊಸದು ಹಾಕಿಸಿ, ನೇರ ವೈರ್ ಕೊಡಿಸಬೇಡಿ.

ಪ್ರಶ್ನೆ ಕೇಳಿದವರು: ಅಣ್ಣ, ಅರ್ತ್‌ನಲ್ಲಿ 1.4 ತೋರಿಸಿತು! ಸೆಲ್ಫ್ ಹೊಡೆದಾಗ ಬ್ಯಾಟರಿ 10.3. ಬಿಚ್ಚಿ ನೋಡಿದರೆ ಬೋಲ್ಟ್ ಕೆಳಗೆ ಪೇಂಟು, ಮಣ್ಣು, ಗ್ರೀಸು. ಕೆರೆದು ಹೊಳೆಯುವ ಹಾಗೆ ಮಾಡಿ ಹೊಸ ಕೇಬಲ್ ಹಾಕಿದೆ. ಪ್ಲಗ್ ಮೂರು, ರಿಲೇ, ಫ್ಯೂಸ್ ಎಲ್ಲಾ ಆಯಿತು. ಇವತ್ತು ಬೆಳಿಗ್ಗೆ ಆರಕ್ಕೆ 20 ಸೆಕೆಂಡ್ ಹೀಟ್ ಕೊಟ್ಟೆ, ಎರಡು ಸುತ್ತಿಗೆ ಸ್ಟಾರ್ಟ್. ಪಕ್ಕದ ತೋಟದವರು ಹಗ್ಗ ಹಿಡಿದು ಬಂದು ನಿಂತಿದ್ದರು, ಪಾಪ. ಒಂದೇ ಒಂದು ಬಾಕಿ. ಮೊದಲ ಅರ್ಧ ನಿಮಿಷ ಇನ್ನೂ ಕುಂಟುತ್ತದೆ, ಸ್ವಲ್ಪ ಬಿಳಿ ಹೊಗೆ ಬರುತ್ತದೆ. ಹಾಗಾದರೆ ರಿಂಗ್ ಹೋಗಿರುವುದು ನಿಜವಾ?

ಮೇಸ್ತ್ರಿ: ನೋಡಿಬಿಡೋಣ. ಎಂಜಿನ್ ಬಿಸಿಯಾದ ಮೇಲೆ ರೇಸ್ ಕೊಡದೆ ಐಡಲ್‌ನಲ್ಲಿ ಬಿಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆದು ಬಾಯಿ ಮೇಲೆ ಸಡಿಲವಾಗಿ ಇಡಿ. ಮುಚ್ಚಳ ಕುಣಿದು ಬುಸುಬುಸು ಹೊಗೆ ಬಂದರೆ ರಿಂಗ್ ಮೇಲೆ ಅನುಮಾನ. ಆಯಿಲ್ ಎಷ್ಟು ಕುಡಿಯುತ್ತದೆ, ರೇಡಿಯೇಟರ್ ನೀರು ಇಳಿಯುತ್ತದಾ ಅದನ್ನೂ ಹೇಳಿ. ನೀರು ಇಳಿದು ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್.

ಪ್ರಶ್ನೆ ಕೇಳಿದವರು: ಮುಚ್ಚಳ ಅಲುಗಲೂ ಇಲ್ಲ. ಆಯಿಲ್ ಹಾಕಿ ಮೂರು ತಿಂಗಳು, ಗೆರೆ ಮೇಲೆಯೇ ಇದೆ. ನೀರೂ ಹಾಗೇ ಇದೆ.

ಮೇಸ್ತ್ರಿ: ಹಾಗಾದರೆ ರಿಂಗ್ ಮಾತು ಬಿಡಿ. ಒಂದು ಸಿಲಿಂಡರ್ ಮಾತ್ರ ತಡವಾಗಿ ಏಳುತ್ತಿದೆ. ಯಾವುದು ಅಂತ ಹಿಡಿಯಬೇಕಾದರೆ ಬೆಳಿಗ್ಗೆ ಕುಂಟುತ್ತಿರುವಾಗಲೇ, ಐಡಲ್‌ನಲ್ಲಿ, ನಾಜಲ್ ಪೈಪಿನ ನಟ್ ಒಂದೊಂದಾಗಿ ಅರ್ಧ ಸುತ್ತು ಸಡಿಲ ಮಾಡಿ ಮತ್ತೆ ಬಿಗಿ ಮಾಡಿ. ಯಾವುದನ್ನು ಸಡಿಲಿಸಿದರೂ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಅದೇ ಸೋಮಾರಿ. ನಟ್ ಮೇಲೆ ದಪ್ಪ ಬಟ್ಟೆ ಹಾಕಿ, ಕನ್ನಡಕ ಹಾಕಿ, ಬೆರಳು ಅಡ್ಡ ಇಡಬೇಡಿ. ಆ ಒತ್ತಡದ ಡೀಸೆಲ್ ಚರ್ಮದೊಳಗೆ ಹೊಕ್ಕುತ್ತದೆ. ಸೂಜಿ ಚುಚ್ಚಿದಷ್ಟೇ ಕಂಡರೂ ಕೈ ಕಳೆದುಕೊಳ್ಳಬೇಕಾಗುತ್ತದೆ. ಹಾಗೇನಾದರೂ ಆದರೆ ಕಾಯದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಸಿಕ್ಕ ಸಿಲಿಂಡರ್‌ನ ವಾಲ್ವ್ ಗ್ಯಾಪ್ ಮೊದಲು ನೋಡಿಸಿ, ಎಂಜಿನ್ ತಣ್ಣಗಿರುವಾಗ, ಪುಸ್ತಕದಲ್ಲಿ ಕೊಟ್ಟ ಅಳತೆಗೆ. ಗ್ಯಾಪ್ ಸತ್ತಿದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಒತ್ತಡ ಸೋರುತ್ತದೆ. ಅದಕ್ಕೆ ಖರ್ಚೇ ಇಲ್ಲ. ಅದು ಸರಿ ಇದ್ದರೆ ಆ ಒಂದು ನಾಜಲ್ ಮಾತ್ರ ಬಿಚ್ಚಿ ಲ್ಯಾಬ್‌ಗೆ ಕೊಡಿ. ಮೂರನ್ನೂ ಅಲ್ಲ, ಪಂಪನ್ನಂತೂ ಅಲ್ಲವೇ ಅಲ್ಲ. ನಾಜಲ್ ಕೆಳಗಿನ ತಾಮ್ರದ ವಾಷರ್ ಗೂಡಿನಲ್ಲೇ ಅಂಟಿಕೊಂಡು ಉಳಿಯುತ್ತದೆ, ಅದನ್ನು ತೆಗೆದು ಹೊಸದು ಹಾಕಿಸಿ. ಹಳೆಯದರ ಮೇಲೆ ಹೊಸದು ಕೂರಿಸಿದರೆ ನಾಜಲ್ ಎತ್ತರ ತಪ್ಪುತ್ತದೆ.

ಪ್ರಶ್ನೆ ಕೇಳಿದವರು: ಆಯಿತು ಅಣ್ಣ. ನಾಳೆ ಔಷಧಿ ಹೊಡೆಯುವುದಿದೆ, ನಾಡಿದ್ದು ಬೆಳಿಗ್ಗೆ ನಟ್ ಸಡಿಲ ಮಾಡಿ ನೋಡಿ ಯಾವ ಸಿಲಿಂಡರ್ ಅಂತ ಇಲ್ಲೇ ಹಾಕುತ್ತೇನೆ.