ನೆವಾಡಾದ ಈಲಿ ಪಟ್ಟಣದ ಹಳೆಯ ರೈಲ್ವೆ ನೋಡಲು ಒಂದು ದಿನ ಸಾಕೇ?

ಪ್ರಶ್ನೆ: ಸಾಲ್ಟ್ ಲೇಕ್ ಸಿಟಿಯಲ್ಲಿರುವ ಮಗಳ ಮನೆಗೆ ಬಂದಿದ್ದೇವೆ. ಈಲಿಯ ನೆವಾಡಾ ನಾರ್ದರ್ನ್ ರೈಲ್ವೆಯನ್ನು ನೋಡುವ ಆಸೆಯಿದೆ. ನಮ್ಮಂಥ ವಯಸ್ಸಾದವರು ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದೇ, ದಯವಿಟ್ಟು ತಿಳಿಸಿ.

ಉತ್ತರ 1: ಒಂದು ರಾತ್ರಿ ಅಲ್ಲೇ ತಂಗಿ, ಸರ್. ತಾಮ್ರದ ಗಣಿಗಳಿಗಾಗಿ 1905–06ರಲ್ಲಿ ಹಾಕಿದ ಈ ಮಾರ್ಗದಲ್ಲಿ ಎಂಜಿನ್‌ಗಳಷ್ಟೇ ಅಲ್ಲದೆ ದುರಸ್ತಿ ಶೆಡ್ಡು, ನಿಲ್ದಾಣ, ಕಚೇರಿಯ ಕಡತಗಳೂ ಇದ್ದಲ್ಲೇ ಉಳಿದಿರುವುದು ಬಹಳ ಅಪರೂಪ. 1910ರಲ್ಲಿ ಬಾಲ್ಡ್‌ವಿನ್ ಕಾರ್ಖಾನೆ ತಯಾರಿಸಿದ 40ನೇ ಸಂಖ್ಯೆಯ ಉಗಿ ಎಂಜಿನ್ನಿನ ಪಕ್ಕ ನಿಂತು, ಚಕ್ರಗಳನ್ನು ಜೋಡಿಸುವ ಎಣ್ಣೆ ಮೆತ್ತಿದ ಉಕ್ಕಿನ ಸರಳುಗಳನ್ನು ನಿಧಾನವಾಗಿ ನೋಡಿ.

ಉತ್ತರ 2: ಊರು ಸುಮಾರು 6,400 ಅಡಿ ಎತ್ತರದಲ್ಲಿರುವುದರಿಂದ ಬೇಸಿಗೆಯಲ್ಲೂ ರಾತ್ರಿ ಚಳಿಯಿರುತ್ತದೆ, ಸ್ವೆಟರ್ ಮರೆಯಬೇಡಿ. ದಾರಿಯಲ್ಲಿ ಪೆಟ್ರೋಲ್ ಬಂಕ್‌ಗಳು ವಿರಳ.

ಉತ್ತರ 3: ಉಗಿ ಎಂಜಿನ್ ದಿನವೂ ಓಡುವುದಿಲ್ಲವಾದ್ದರಿಂದ ವೇಳಾಪಟ್ಟಿ ನೋಡಿಯೇ ಟಿಕೆಟ್ ಕಾಯ್ದಿರಿಸಿ.