‘ಪ್ರಾಯಸ್ಥರು’ ಅಂದರೆ ಯಾರು? ಕ್ರೈಸ್ತ ನಂಬಿಕೆಯಲ್ಲಿ ಬೆಳೆದವರಿಗೆ ಒಂದು ಪದ ಬೇಕು

ಎಲ್ಲರಿಗೂ ಉಡುಪಿಯಿಂದ ನಮಸ್ಕಾರ.

ಒಂದು ಪದದ ಬಳಕೆ ಬಗ್ಗೆ ನಿಮ್ಮ ಸಹಾಯ ಬೇಕು. ಪದ ‘ಪ್ರಾಯಸ್ಥ’. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಓದುವ ಹಳೆಯ ಸತ್ಯವೇದದಲ್ಲಿ (ಬೈಬಲಿನಲ್ಲಿ), ಇಬ್ರಿಯರಿಗೆ ಬರೆದ ಪತ್ರಿಕೆಯ (ಪತ್ರಿಕೆ ಅಂದರೆ ಇಲ್ಲಿ ಕಾಗದ) 5ನೇ ಅಧ್ಯಾಯದ ಕೊನೆಗೆ ಇದು ಬರುತ್ತದೆ. ಹಾಲು ಕೂಸುಗಳಿಗೆ, ಗಟ್ಟಿಯಾದ ಆಹಾರ ಪ್ರಾಯಸ್ಥರಿಗೆ ಎನ್ನುವ ಜಾಗ ಅದು. ಕೊರಿಂಥದ ಸಭೆಗೆ ಬರೆದ ಮೊದಲ ಪತ್ರಿಕೆಯ 14ನೇ ಅಧ್ಯಾಯದ 20ನೇ ವಚನದಲ್ಲೂ (1 ಕೊರಿಂಥ 14:20) ಇದೇ ಪದ. ಕೆಟ್ಟತನದಲ್ಲಿ ಶಿಶುಗಳಾಗಿಯೇ ಇರಿ, ಬುದ್ಧಿಯಲ್ಲಿ ಮಾತ್ರ ಪ್ರಾಯಸ್ಥರಾಗಿ ಎನ್ನುತ್ತಾನೆ ಆ ಪತ್ರಿಕೆ ಬರೆದ ಅಪೊಸ್ತಲ ಪೌಲ.

ಲೆಂಟ್ ದಿನಗಳ (ಈಸ್ಟರಿಗೆ ಮುಂಚಿನ ಉಪವಾಸ, ಪ್ರಾರ್ಥನೆಯ ಕಾಲದ) ಮನೆಕೂಟಗಳಿಗೆ ಒಂದು ಚಿಕ್ಕ ಪಾಠಪುಸ್ತಿಕೆ ಬರೆಯುತ್ತಿದ್ದೇನೆ. ನಂಬಿಕೆಗೆ ಬಂದವರು ಬಂದಲ್ಲೇ ನಿಲ್ಲದೆ ಕ್ರಿಸ್ತನಲ್ಲಿ ಬೆಳೆಯುವುದು ಹೇಗೆ ಎನ್ನುವುದೇ ಅದರ ವಿಷಯ. ಇಡೀ ಪುಸ್ತಿಕೆ ಈ ಒಂದು ಪದದ ಮೇಲೆ ನಿಂತಿದೆ. ಆದರೆ ಪದ ಕೇಳಿದವರ ಕಿವಿಗೆ ಬೇರೆ ಬೇರೆ ಅರ್ಥ ಹೋಗುತ್ತಿದೆ.

ಕರಾವಳಿಯಲ್ಲಿ ಪ್ರಾಯ ಅಂದರೆ ವಯಸ್ಸು. ‘ಮಗುವಿಗೆ ಎಷ್ಟು ಪ್ರಾಯ?’ ಅಂತ ಕೇಳುತ್ತೇವೆ. ‘ಪ್ರಾಯ ಆಯ್ತು’ ಅಂದರೆ ಮುಪ್ಪು ಬಂತು ಅಂತ. ತುಳುವಿನ ‘ಪ್ರಾಯ ಆತ್ಂಡ್’ ಕೂಡ ಅದೇ. ‘ಪ್ರಾಯದವರು’ ಬಸ್ಸು ಹತ್ತಿದರೆ ಎದ್ದು ಸೀಟು ಬಿಟ್ಟುಕೊಡುತ್ತೇವೆ. ಘಟ್ಟದ ಮೇಲೆ ಇದು ಉಲ್ಟಾ. ಅಲ್ಲಿ ‘ಪ್ರಾಯದ ಹುಡುಗ’ ಅಂದರೆ ಹರೆಯದವನು, ‘ಪ್ರಾಯಕ್ಕೆ ಬಂದ ಮಗಳು’ ಅಂದರೆ ಮದುವೆಗೆ ಬಂದವಳು.

ಹೀಗಾಗಿ ಏನಾಗುತ್ತದೆ ನೋಡಿ. ಉಡುಪಿಯ ಒಂದು ಮನೆಕೂಟದಲ್ಲಿ ಗಟ್ಟಿಯಾದ ಆಹಾರದ ಆ ವಚನ ಓದಿಸಿ, ಇಲ್ಲಿ ಪ್ರಾಯಸ್ಥರು ಅಂದರೆ ಯಾರು ಅಂತ ಕೇಳಿದೆ. ಡಿಪ್ಲೊಮಾ ಓದುವ ಹುಡುಗನೊಬ್ಬ ಬಾಗಿಲ ಹತ್ತಿರ ಕೂತಿದ್ದ. ‘ಅಜ್ಜ-ಅಜ್ಜಿಯರು ಅಲ್ವಾ ಆಂಟಿ?’ ಅಂದ. ಅವನ ಅಜ್ಜಿ ಕುರ್ಚಿಯಿಂದಲೇ, ‘ಅಲ್ಲ ಮಗಾ, ಸಭೆಯ ಹಿರಿಯರು, ಕಮಿಟಿಯಲ್ಲಿ ಇರುವವರು’ ಎಂದರು. ಹಾವೇರಿ ಕಡೆಯಿಂದ ಮದುವೆಯಾಗಿ ಬಂದ ಆ ಮನೆಯ ಸೊಸೆ ಚಹಾದ ತಟ್ಟೆ ಹಿಡಿದು ಒಳಗಿಂದ ಬಂದವಳು, ‘ನಮ್ ಕಡೆ ಹರೇಕ್ ಬಂದವರಿಗೆ ಹಂಗಂತಾರ್ರೀ’ ಅಂದಳು. ಒಂದೇ ಕೋಣೆಯಲ್ಲಿ ಮೂರು ಅರ್ಥ. ಮೂರೂ ಕನ್ನಡವೇ, ಮೂರಕ್ಕೂ ಬಳಕೆಯ ಆಧಾರ ಇದೆ. ಆದರೆ ಪತ್ರಿಕೆ ಬರೆದವನು ಹೇಳಿದ್ದು ಮೂರರಲ್ಲಿ ಯಾವುದೂ ಅಲ್ಲ.

ಅವನು ಯಾರನ್ನು ಪ್ರಾಯಸ್ಥರು ಅನ್ನುತ್ತಾನೆ ಅನ್ನುವುದು ಅದೇ ವಚನದಲ್ಲಿದೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಗುರುತಿಸಲು ಅಭ್ಯಾಸದಿಂದ ಪಳಗಿದವರು. ಅಲ್ಲಿನ ಗ್ರೀಕ್ ಕ್ರಿಯಾಪದ ಗರಡಿಯಲ್ಲಿ ಸಾಮು ಮಾಡುವುದಕ್ಕೆ ಬಳಸುತ್ತಿದ್ದ ಪದ. ‘ಜಿಮ್’ ಅಂತ ನಾವು ಈಗ ಕರೆಯುವುದು ಅದೇ ಬೇರಿನಿಂದ ಬಂದದ್ದು. ಅಂದರೆ ಇದು ವಯಸ್ಸಿನ ಮಾತಲ್ಲ, ಓದಿನ ಮಾತೂ ಅಲ್ಲ. ಮಾಡಿ ಮಾಡಿ ಬರುವ ವಿವೇಕದ ಮಾತು. ಪೌಲನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯಲ್ಲಿ, ನೀನು ಚಿಕ್ಕವನು ಅಂತ ಯಾರೂ ನಿನ್ನನ್ನು ಹಗುರವಾಗಿ ಕಾಣದಿರಲಿ, ನಡತೆಯಲ್ಲಿ ನೀನೇ ಮಾದರಿಯಾಗಿರು ಎಂದು ಹೇಳಿಲ್ಲವೇ? ಆ ಡಿಪ್ಲೊಮಾ ಹುಡುಗನಿಗೆ ಈ ಮಾತು ಇವತ್ತೇ ಮುಟ್ಟಬೇಕು. ಅರವತ್ತು ದಾಟಿದ ಮೇಲೆ ನೋಡೋಣ ಅಂತ ಅವನು ಕಾಯುವ ಹಾಗಾಗಬಾರದು.

ಇನ್ನು ಮೂಲ ಪದ. ಗ್ರೀಕಿನಲ್ಲಿ ‘ತೆಲೆಯೊಸ್’. ‘ತೆಲೊಸ್’ ಅಂದರೆ ಗುರಿ, ಕೊನೆ. ಗುರಿ ಮುಟ್ಟಿದ್ದು, ಆಗಬೇಕಾದಷ್ಟು ಆದದ್ದು ತೆಲೆಯೊಸ್. ಪೂರಾ ಬೆಳೆದ ಮನುಷ್ಯನಿಗೂ ಇದೇ ಪದ, ಊನವಿಲ್ಲದ ಬಲಿಪಶುವಿಗೂ ಇದೇ ಪದ. ಈ ಎರಡನೇ ಅರ್ಥ ಹಿಡಿದಾಗ ಮತ್ತಾಯ 5:48ರಲ್ಲಿ ನಮ್ಮ ಅನುವಾದ ‘ದೋಷವಿಲ್ಲದವರು’ ಎಂದಿತು. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ಮೊದಲನೇ ಅರ್ಥ ಹಿಡಿದು ‘ಪ್ರಾಯಸ್ಥರು’ ಎಂದಿತು. ಒಂದೇ ಗ್ರೀಕ್ ಪದ ಅಂತ ಓದುವವರಿಗೆ ಗೊತ್ತೇ ಆಗುವುದಿಲ್ಲ. ಅನುವಾದಕರ ತಪ್ಪು ಅಂತ ನಾನು ಹೇಳುವುದಿಲ್ಲ. ಆಯಾ ಜಾಗಕ್ಕೆ ಸರಿಯಾಗಿಯೇ ಹಾಕಿದ್ದಾರೆ.

ಕಷ್ಟ ಬರುವುದು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯದಲ್ಲಿ. ನಾನಿನ್ನೂ ‘ಸಿದ್ಧಿಗೆ ಬಂದವನು’ ಅಲ್ಲ, ಓಡುತ್ತಾ ಇದ್ದೇನೆ ಎನ್ನುತ್ತಾನೆ ಪೌಲ 12ನೇ ವಚನದಲ್ಲಿ. 15ನೇ ವಚನಕ್ಕೆ ಬಂದಾಗ, ನಮ್ಮಲ್ಲಿ ಯಾರು ತೆಲೆಯೊಸ್ ಆಗಿದ್ದೇವೋ ಅವರೆಲ್ಲ ಹೀಗೇ ಯೋಚಿಸೋಣ ಎನ್ನುತ್ತಾನೆ. ಎರಡೂ ಕಡೆ ಒಂದೇ ಬೇರು. ಸಿದ್ಧಿಗೆ ಬಂದಿಲ್ಲ ಅಂತ ತಿಳಿದುಕೊಂಡು ಮುಂದೆ ಓಡುತ್ತಿರುವುದೇ ಬೆಳೆದವರ ಗುರುತು ಎನ್ನುವುದು ಅವನ ಮಾತಿನ ತಿರುಳು. ಅವನು ಇದನ್ನು ಬರೆದದ್ದು ಸೆರೆಯಲ್ಲಿದ್ದಾಗ, ಎಷ್ಟೋ ಸಭೆಗಳನ್ನು ಕಟ್ಟಿದ ಮೇಲೆ. ಕನ್ನಡದಲ್ಲಿ ಎರಡೂ ಕಡೆ ‘ಪರಿಪೂರ್ಣ’ ಹಾಕಿದರೆ ಮಾತು ತನ್ನನ್ನು ತಾನೇ ಹೊಡೆದುಹಾಕುತ್ತದೆ.

‘ಪರಿಪೂರ್ಣ’ ನನಗೆ ಬೇಡ ಅನ್ನಿಸುವುದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಜನ ಅದನ್ನು ಕೇಳಿದ ಕೂಡಲೇ ಕೈಬಿಡುತ್ತಾರೆ. ‘ನಾವೆಲ್ಲ ಎಲ್ಲಿ, ಪರಿಪೂರ್ಣರಾಗುವುದು ಎಲ್ಲಿ’ ಅನ್ನುತ್ತಾರೆ. ಅದು ದೀನತೆಯ ಮಾತಿನ ಹಾಗೆ ಕೇಳುತ್ತದೆ, ಆದರೆ ಬೆಳೆಯುವ ಆಸೆಯನ್ನೇ ಕೊಲ್ಲುತ್ತದೆ. ಕ್ರಿಸ್ತನ ಕೃಪೆಯಿಂದ ಸಿಕ್ಕಿದ ಹೊಸ ಹುಟ್ಟನ್ನು ಹುಟ್ಟಿದಷ್ಟಕ್ಕೇ ಬಿಡುವುದು ನನಗೆ ತುಂಬ ನೋವು ಕೊಡುವ ಸಂಗತಿ.

ಹಾಗಾದರೆ ಬೇರೆ ಯಾವ ಪದ? ನಾನು ಯೋಚಿಸಿದವನ್ನು ಹೇಳುತ್ತೇನೆ.

‘ಪ್ರೌಢ’, ‘ಆತ್ಮಿಕ ಪ್ರೌಢತೆ’ ಈಚೆಗೆ ಪ್ರಸಂಗಗಳಲ್ಲಿ ಜಾಸ್ತಿ ಕೇಳುತ್ತದೆ. (ಯಕ್ಷಗಾನದ ಪ್ರಸಂಗ ಅಲ್ಲ. ನಮ್ಮಲ್ಲಿ ಭಾನುವಾರದ ಬೋಧನೆಗೂ ಪ್ರಸಂಗ ಅಂತಲೇ ಹೆಸರು.) ಆದರೆ ಪ್ರೌಢಶಾಲೆ, ಪ್ರೌಢ ಪ್ರಬಂಧ, ಪ್ರೌಢ ಶೈಲಿ ಇವೆಲ್ಲ ಸೇರಿ ಆ ಪದಕ್ಕೆ ಓದಿನ ವಾಸನೆ ಹತ್ತಿದೆ. ಹೆಚ್ಚು ತಿಳಿದವರು ಪ್ರೌಢರು ಅಂತಾಗುತ್ತದೆ. ಇಲ್ಲಿ ಕೊರಿಂಥದ ಸಭೆಯನ್ನು ನೆನೆಯಬೇಕು. ಅವರಿಗೆ ಮಾತಿನ ವರ ಇತ್ತು, ಜ್ಞಾನ ಇತ್ತು, ಯಾವ ವರಕ್ಕೂ ಕೊರತೆ ಇಲ್ಲ ಅಂತ ಪೌಲನೇ ಪತ್ರಿಕೆಯ ಆರಂಭದಲ್ಲಿ ಒಪ್ಪಿಕೊಳ್ಳುತ್ತಾನೆ. ಆದರೂ 3ನೇ ಅಧ್ಯಾಯದಲ್ಲಿ ಅವರನ್ನು ಕೂಸುಗಳು ಎನ್ನುತ್ತಾನೆ, ಹಾಲು ಕೊಟ್ಟೆ ಎನ್ನುತ್ತಾನೆ. ಕಾರಣ? ಅವರಲ್ಲಿ ಹೊಟ್ಟೆಕಿಚ್ಚು, ಜಗಳ. ನಾನು ಪೌಲನ ಕಡೆ, ನಾನು ಅಪೊಲ್ಲೋಸನ ಕಡೆ ಎನ್ನುವ ಗುಂಪುಗಾರಿಕೆ. ವಚನಗಳನ್ನು ಬಾಯಿಪಾಠ ಮಾಡಿಕೊಂಡು ಪಕ್ಕದ ಮನೆಯವರ ಹತ್ತಿರ ಬೇಲಿ ಜಗಳಕ್ಕೆ ಮಾತು ಬಿಟ್ಟವರನ್ನು ನಾವೂ ನೋಡಿದ್ದೇವೆ, ಅಲ್ವಾ? ‘ಪ್ರೌಢ’ ಪದದಿಂದ ಆ ಕೊರತೆ ಹೊರಗೆ ಬರುವುದಿಲ್ಲ.

‘ಬಲಿತ’ ಒಳ್ಳೆಯ ಅಚ್ಚಗನ್ನಡ. ಬಲಿತ ಕಾಯಿ, ಬಲಿತ ಮರ ಅಂತ ದಿನವೂ ಹೇಳುತ್ತೇವೆ. ಆದರೆ ಕ್ರೈಸ್ತರ ಕಿವಿಗೆ ‘ಬಲಿ’ ಅಂದ ಕೂಡಲೇ ಯಜ್ಞದ ಬಲಿ ನೆನಪಾಗುತ್ತದೆ. ಕಥೊಲಿಕರು ತಮ್ಮ ಮಾಸ್ ಆರಾಧನೆಗೆ ಕನ್ನಡದಲ್ಲಿ ಬಲಿಪೂಜೆ ಎನ್ನುತ್ತಾರೆ. ‘ಕ್ರಿಸ್ತನಲ್ಲಿ ಬಲಿತವರು’ ಅಂತ ಗಟ್ಟಿಯಾಗಿ ಓದಿ ನೋಡಿ, ಗೊತ್ತಾಗುತ್ತದೆ.

‘ಮಾಗಿದ’, ‘ಹಣ್ಣಾದ’ ಮತ್ತೆ ಮುಪ್ಪಿಗೇ ಕರೆದೊಯ್ಯುತ್ತವೆ. ‘ದೊಡ್ಡವರಾದವರು’ ಬೇಡ. ಹುಡುಗಿಯರ ವಿಷಯದಲ್ಲಿ ಅದಕ್ಕೆ ಬೇರೆ ಅರ್ಥ, ಊರಿನ ವಿಷಯದಲ್ಲಿ ಹಣವಂತರು ಅಂತ. ‘ಅಭಿವೃದ್ಧಿ’ ಒಂದು ಕಾಲದಲ್ಲಿ ಚೆನ್ನಾಗಿತ್ತು, ಪೇತ್ರನ ಎರಡನೇ ಪತ್ರಿಕೆಯ ಕೊನೆಯಲ್ಲಿ ‘ಕೃಪೆಯಲ್ಲಿ ಅಭಿವೃದ್ಧಿ’ ಎಂದು ಓದಿ ಬೆಳೆದವರು ನಾವು. ಈಗ ಆ ಪದವನ್ನು ರಸ್ತೆ, ಚರಂಡಿಗಳು ಹಿಡಿದುಕೊಂಡಿವೆ. ‘ಪಕ್ವ’, ‘ಪರಿಪಕ್ವ’ ತಪ್ಪಿಲ್ಲ, ಆದರೆ ನಮ್ಮ ಕೂಟಕ್ಕೆ ಬರುವ ಹೆಂಗಸರಲ್ಲಿ ಯಾರೂ ಅದನ್ನು ಬಾಯಲ್ಲಿ ಆಡುವುದಿಲ್ಲ.

‘ಪಳಗಿದವರು’ ನನ್ನನ್ನು ತುಂಬ ಎಳೆಯುತ್ತದೆ. ಕೈ ಪಳಗಿದೆ ಅಂದರೆ ಮಾಡಿ ಮಾಡಿ ಬಂದದ್ದು ಅಂತ ಎಲ್ಲರಿಗೂ ಗೊತ್ತು. ಆ ಗರಡಿಯ ಕ್ರಿಯಾಪದಕ್ಕೆ ಇದಕ್ಕಿಂತ ಹತ್ತಿರದ ಕನ್ನಡ ನನಗೆ ಕಾಣುವುದಿಲ್ಲ. ತೊಡಕು ಏನೆಂದರೆ ಪಳಗಿದ ಆನೆಯೂ ಇದೆ. ಯಾರೋ ಅಂಕುಶ ಹಿಡಿದು ಬಗ್ಗಿಸಿದ್ದು ಅನ್ನುವ ಅರ್ಥ ನುಸುಳುತ್ತದೆ. ಯಾಕೋಬನ ಪತ್ರಿಕೆಯ ಆರಂಭದಲ್ಲಿ ಕಷ್ಟಗಳು ತಾಳ್ಮೆಯನ್ನು ಹುಟ್ಟಿಸುತ್ತವೆ, ತಾಳ್ಮೆ ತನ್ನ ಕೆಲಸ ಪೂರ್ತಿ ಮಾಡಲಿ, ಆಗ ನೀವು ತೆಲೆಯೊಸ್ ಆಗುತ್ತೀರಿ ಎಂದಿದೆ. ಅಲ್ಲಿ ಬಗ್ಗಿಸುವುದು ಇಲ್ಲ, ತಾಳಿಕೊಂಡು ನಿಲ್ಲುವುದು ಇದೆ.

ಸದ್ಯಕ್ಕೆ ನಾನು ಬರೆದಿರುವುದು ‘ಬೆಳೆದವರು’. ಬೆಳೆದ ಮಗ, ಬೆಳೆದು ನಿಂತ ಮಕ್ಕಳು ಅಂತ ಎಲ್ಲ ಊರಲ್ಲೂ ಹೇಳುತ್ತಾರೆ. ಎಫೆಸದವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯದಲ್ಲಿ ‘ಬೆಳೆಯುವ’ ಮಾತೂ ಇದೆ, ತೆಲೆಯೊಸ್ ಕೂಡ ಇದೆ. ಅಲ್ಲಿ ಇಡೀ ಸಭೆ ಒಟ್ಟಿಗೆ ಬೆಳೆಯುತ್ತದೆ, ಒಬ್ಬೊಬ್ಬರೇ ಅಲ್ಲ. ಇದು ನನಗೆ ಮುಖ್ಯ. ‘-ತೆ’ ಹಚ್ಚಿದ ಪದಗಳು ಒಬ್ಬನ ಜೇಬಿನಲ್ಲಿ ಇರುವ ಸೊತ್ತಿನ ಹಾಗೆ ಕೇಳುತ್ತವೆ. ‘ಬೆಳೆಯುವುದು’ ಎಂದರೆ ಇನ್ನೂ ನಡೆಯುತ್ತಾ ಇದೆ ಎಂದು ಕೇಳುತ್ತದೆ. ನಮ್ಮ ಕೊಂಕಣಿ ಕಥೊಲಿಕ ಗೆಳತಿಯೂ ಭಕ್ತಿಯಲ್ಲಿ ‘ವಾಡೊಂಕ್’ ಎಂದೇ ಹೇಳುತ್ತಾಳೆ, ಅದೂ ಬೆಳೆಯುವುದೇ. ಆದರೆ ಪುಸ್ತಿಕೆ ಓದಿ ನೋಡಿದ ಹಿರಿಯರೊಬ್ಬರು ‘ಬೆಳೆದವರು’ ತೀರಾ ಸಪ್ಪೆ ಎಂದರು. ಸತ್ಯವೇದದ ಪದಕ್ಕೆ ಒಂದು ತೂಕ ಬೇಡವೇ ಎಂದು ಅವರ ಪ್ರಶ್ನೆ. ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು.

ಜೊತೆಗೆ ಒಂದು ಸಣ್ಣ ವಿಷಯ. ‘ಆತ್ಮಿಕ’ ಬದಲು ‘ಆಧ್ಯಾತ್ಮಿಕ’ ಹಾಕಬಾರದೇ ಅಂತ ಕೆಲವರು ಕೇಳುತ್ತಾರೆ. ನಾನು ‘ಆತ್ಮಿಕ’ವನ್ನೇ ಉಳಿಸುತ್ತೇನೆ. ಪೌಲನ ಬಳಕೆಯಲ್ಲಿ ಅದು ಪವಿತ್ರಾತ್ಮನಿಗೆ ಸೇರಿದ್ದು, ಆತನು ನಡೆಸುವ ಬದುಕು. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ ಇವೆಲ್ಲ ಆತ್ಮನ ಫಲಗಳು ಎಂದಿದೆ. ಆ ನಂಟು ‘ಆಧ್ಯಾತ್ಮಿಕ’ದಲ್ಲಿ ತೆಳುವಾಗುತ್ತದೆ.

ಈಗ ನಿಮ್ಮಿಂದ ಬೇಕಾದದ್ದು. ಧಾರವಾಡ, ಬಳ್ಳಾರಿ, ಕೋಲಾರ, ಮೈಸೂರು ಕಡೆಯವರು ‘ಪ್ರಾಯಸ್ಥ’ ಕೇಳಿದರೆ ನಿಮಗೆ ಯಾವ ವಯಸ್ಸಿನ ಮನುಷ್ಯ ಕಣ್ಣಿಗೆ ಬರುತ್ತಾನೆ, ಬರೆಯಿರಿ. ಬೈಬಲ್ ಬಿಟ್ಟು ಬೇರೆಲ್ಲಾದರೂ ಈ ಪದ ಇನ್ನೂ ಬಾಯಲ್ಲಿದೆಯೇ? ನಿಘಂಟಿನ ಅರ್ಥ ಬೇಡ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ನನ್ನ ಮೇಜಿನ ಮೇಲೆಯೇ ಇದೆ. ನನಗೆ ಬೇಕಾದದ್ದು ಮನೆಮಾತು.

ಇನ್ನೊಂದು, ಹಳೆಯ ಅನುವಾದಗಳನ್ನು ಬಲ್ಲವರಿಗೆ. ಮಿಶನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿದ್ದು ಮಾಡಿದ ಪೂರ್ಣ ಬೈಬಲ್ 1831ರದ್ದು. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರಲ್ಲಿ ವೈಗ್ಲೆ ಮುಂತಾದವರು ಆಮೇಲೆ ಅದರ ಪರಿಷ್ಕರಣೆಗೆ ಕೈ ಹಾಕಿದರು. ‘ಪ್ರಾಯಸ್ಥ’ ಬಳ್ಳಾರಿಯ ಕಡೆಯ ಪದವೋ, ನಮ್ಮ ಕರಾವಳಿಯವರು ಸೇರಿಸಿದ್ದೋ? ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಹಳೆಯ ಮುದ್ರಣಗಳಿವೆ. ಅಲ್ಲಿಗೆ ಹೋಗುವವರು ಯಾರಾದರೂ ಇಬ್ರಿಯ 5:14 ಮತ್ತು ಫಿಲಿಪ್ಪಿ 3:15, ಈ ಎರಡು ವಚನಗಳನ್ನು ನೋಡಿ ಬರೆದರೆ ದೊಡ್ಡ ಉಪಕಾರ.

‘ಬೆಳೆದವರು’ ಮತ್ತು ‘ಪಳಗಿದವರು’ ಬಗ್ಗೆ ನಿಮ್ಮ ಅಭಿಪ್ರಾಯ ಬೇಗ ತಿಳಿಸಿ. ಪುಸ್ತಿಕೆ ಪ್ರೆಸ್ಸಿಗೆ ಹೋಗಬೇಕು.