ಲೂಪಸ್, ಸ್ಟೀರಾಯ್ಡ್, ಶುಗರ್: ಹಾರ್ಮೋನ್ ತಜ್ಞರಿಗೆ ಪ್ರಶ್ನೆಗಳು

ರೂಪಾ: ನಮಸ್ತೆ ಡಾಕ್ಟ್ರೇ. ತಂಗಿಗೆ ಲೂಪಸ್ (ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೇ ತಿರುಗಿಬೀಳೋ ಕಾಯಿಲೆ), ಬೆಳಿಗ್ಗೆ ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ 15 ಮಿ.ಗ್ರಾಂ. ಖಾಲಿ ಹೊಟ್ಟೆ ಶುಗರ್ 92. ನಿಶ್ಚಿಂತೆಯಾಗಿ ಇರಬಹುದಾ?

ಡಾಕ್ಟರ್: ಇಲ್ಲ. ಬೆಳಿಗ್ಗೆ ನುಂಗಿದ ಸ್ಟೀರಾಯ್ಡ್ ಮಧ್ಯಾಹ್ನದಿಂದ ಶುಗರ್ ಏರಿಸುತ್ತೆ, ಬೆಳಗಾಗುವಷ್ಟರಲ್ಲಿ ಇಳಿದಿರುತ್ತೆ. ಮಧ್ಯಾಹ್ನ ಊಟವಾಗಿ 2 ಗಂಟೆಗೆ ನೋಡಿ. ರಕ್ತಕಣ ಒಡೆಯುವ ಅನೀಮಿಯಾ ಇದ್ದರೆ ಎಚ್‌ಬಿಎ1ಸಿ (2-3 ತಿಂಗಳ ಸರಾಸರಿ ಶುಗರ್ ಪರೀಕ್ಷೆ) ಕಡಿಮೆ ತೋರಿಸುತ್ತೆ, ಅದನ್ನ ನಂಬಬೇಡಿ.

ಮಂಜು: ಫಾರ್ವರ್ಡ್ ಬಂದಿದೆ: “ಜ್ಯೇಷ್ಠಮಧು ನೈಸರ್ಗಿಕ ಸ್ಟೀರಾಯ್ಡ್, ಮಾತ್ರೆ ಇವತ್ತೇ ಬಿಡಿ.”

ಡಾಕ್ಟರ್: ಬಿಡಬೇಡಿ. ಜ್ಯೇಷ್ಠಮಧು ಬಿಪಿ ಏರಿಸುತ್ತೆ, ಪೊಟ್ಯಾಸಿಯಂ ಇಳಿಸುತ್ತೆ. ಲೂಪಸ್ ಕಿಡ್ನಿಗೆ ಇಳಿದವರಿಗೆ ಅಷ್ಟೇ ಸಾಕು.

ಗೀತಾ: ಅತ್ತಿಗೆ ಅದನ್ನೇ ಓದಿ 10 ಮಿ.ಗ್ರಾಂ ಮಾತ್ರೆ ಬಿಟ್ಟು 5 ದಿನ ಆಯ್ತು. 2 ವರ್ಷದಿಂದ ತಗೊಳ್ತಿದ್ರು. ನಿನ್ನೆಯಿಂದ ವಾಂತಿ, ಎದ್ದರೆ ತಲೆಸುತ್ತು. ಲೂಪಸ್ ಕೆರಳಿತಾ?

ಡಾಕ್ಟರ್: ಈಗಲೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ, ಉಳಿದದ್ದು ದಾರೀಲಿ ಓದಿ. ಕಿಡ್ನಿ ಮೇಲಿರೋ, ದೇಹದ ಸ್ವಂತ ಸ್ಟೀರಾಯ್ಡ್ ಮಾಡೋ ಅಡ್ರಿನಲ್ ಗ್ರಂಥಿ ಕೈಕೊಟ್ಟಿರೋ ಹಾಗಿದೆ. ಹೊರಗಿಂದ ದಿನವೂ ಸ್ಟೀರಾಯ್ಡ್ ಸಿಕ್ಕರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ (ಅಡ್ರಿನಲ್‌ಗೆ ಕೆಲಸ ಹೇಳೋ ಹಾರ್ಮೋನ್) ಕಳಿಸೋದು ನಿಲ್ಲಿಸುತ್ತೆ, ಅಡ್ರಿನಲ್ ಗ್ರಂಥಿ ಸೊರಗುತ್ತೆ. ಮಾತ್ರೆ ನಿಂತ ತಕ್ಷಣ ಅದು ಚೇತರಿಸಿಕೊಳ್ಳಲ್ಲ. ಬಾಗಿಲಲ್ಲೇ ಹೇಳಿ: “2 ವರ್ಷ ಸ್ಟೀರಾಯ್ಡ್, 5 ದಿನದಿಂದ ನಿಂತಿದೆ.” ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ ಸ್ಟೀರಾಯ್ಡ್ ಇಂಜೆಕ್ಷನ್ ಮತ್ತು ಸಲೈನ್ ಮೊದಲು, ರಿಪೋರ್ಟಿಗೆ ಕಾಯಬಾರದು. ಸೋಡಿಯಂ, ಶುಗರ್ ಇಳಿದಿರಬಹುದು. ಪೊಟ್ಯಾಸಿಯಂ ನಾರ್ಮಲ್, ಹಾಗಾಗಿ ಅಡ್ರಿನಲ್ ಅಲ್ಲ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಸ್ಟೀರಾಯ್ಡ್‌ನಿಂದ ಆದದ್ದರಲ್ಲಿ ಪೊಟ್ಯಾಸಿಯಂ ಹತೋಟಿಯಲ್ಲಿಡೋ ಆಲ್ಡೊಸ್ಟಿರೋನ್ ಹಾರ್ಮೋನ್ ಸರಿಯಾಗೇ ಇರುತ್ತೆ, ಪೊಟ್ಯಾಸಿಯಂ ಏರಲ್ಲ. ಮನೇಲಿ ಮಾತ್ರೆ ಕೊಟ್ಟು ನೋಡೋಣ ಅನ್ನಬೇಡಿ, ವಾಂತಿಯಲ್ಲಿ ಹೊರಗೆ ಬರುತ್ತೆ.

ಮುಂದೆ ಸ್ಟೀರಾಯ್ಡ್ ಬಿಡಿಸೋದಾದರೆ, ಲೂಪಸ್ ಹತೋಟಿಯಲ್ಲಿದ್ದಾಗ ಮಾತ್ರ, 5 ಮಿ.ಗ್ರಾಂಗೆ ಬಂದ ಮೇಲೆ 4 ವಾರಕ್ಕೆ 1 ಮಿ.ಗ್ರಾಂನಂತೆ ಇಳಿಸ್ತೀವಿ. ಹಿಂದಿನ ಮಾತ್ರೆಯಾಗಿ 24 ಗಂಟೆಗೆ, ಬೆಳಿಗ್ಗೆ 8ಕ್ಕೆ ರಕ್ತದಲ್ಲಿ ಕಾರ್ಟಿಸಾಲ್ (ದೇಹದ ಸ್ವಂತ ಸ್ಟೀರಾಯ್ಡ್) ಪರೀಕ್ಷೆ. ಡೆಸಿಲೀಟರ್‌ಗೆ 10 ಮೈಕ್ರೊಗ್ರಾಂ ದಾಟಿದರೆ ಗ್ರಂಥಿ ಎಚ್ಚೆತ್ತಿದೆ. 5ಕ್ಕಿಂತ ಕೆಳಗಿದ್ದರೆ ಮಾತ್ರೆ ಮುಂದುವರಿಯಬೇಕು. ನಡುವೆ ಬಂದರೆ ಕೆಲವು ವಾರದ ನಂತರ ಮತ್ತೆ ಪರೀಕ್ಷೆ.

ನಾಗರಾಜ್: ಸರ್, ಖಾಲಿ ಹೊಟ್ಟೆ 88. ಶುಗರ್ ಇಲ್ಲ ತಾನೇ?

ಡಾಕ್ಟರ್: ಮೇಲೆ ಬರೆದಿದ್ದೀನಿ.

ನಾಗರಾಜ್: ಮೇಲೆ ಅಂದ್ರೆ?

ಶಿಲ್ಪಾ: ಲೂಪಸ್‌ಗೆ ಕೊಟ್ಟ ಸೈಕ್ಲೋಫಾಸ್ಫಮೈಡ್ ಔಷಧಿ ಮುಗಿದ ಮೇಲೆ ಅಕ್ಕನಿಗೆ 6 ತಿಂಗಳಿಂದ ಮುಟ್ಟು ಬಂದಿಲ್ಲ. ಎಎಂಎಚ್ (ಅಂಡಾಶಯದಲ್ಲಿ ಅಂಡಾಣು ಎಷ್ಟು ಉಳಿದಿದೆ ಅನ್ನೋ ರಕ್ತಪರೀಕ್ಷೆ) ಮಾಡಿಸಬೇಕಾ?

ಸವಿತಾ: ಲೂಪಸ್ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಎಲ್ಲರೂ ಬಿಡಿ. ಕಣ್ಣು ಹೋಗುತ್ತೆ.

ರೂಪಾ: ಡೋಸ್ ಹೇಳದೆ ಹೆದರಿಸಬೇಡಿ. ದಿನಕ್ಕೆ ಕಿಲೋ ತೂಕಕ್ಕೆ 5 ಮಿ.ಗ್ರಾಂ ಮೀರಬಾರದು. ಶುರುವಲ್ಲೇ ಒಮ್ಮೆ ಕಣ್ಣು ತೋರಿಸಿ, ಕಿಡ್ನಿ ಸರಿ ಇದ್ದರೆ 5 ವರ್ಷದ ನಂತರ ಪ್ರತಿವರ್ಷ. ಶುಗರ್, ಕೊಲೆಸ್ಟ್ರಾಲ್ ಎರಡನ್ನೂ ಅದು ಸ್ವಲ್ಪ ಇಳಿಸುತ್ತೆ ಕೂಡ.

ಸವಿತಾ: ನೀವೇನು ಡಾಕ್ಟ್ರಾ?

ರೂಪಾ: ನೀವಾ?

ಮಂಜು: ಹೋಗ್ಲಿ, ಆಲ್ಫಾಲ್ಫಾ ಮೊಳಕೆ? ಕೊಲೆಸ್ಟ್ರಾಲ್‌ಗೆ ಒಳ್ಳೇದಂತೆ.

ಡಾಕ್ಟರ್: ಬೇಡವೇ ಬೇಡ. ಅದರಲ್ಲಿರೋ ಕ್ಯಾನವನೀನ್ ಲೂಪಸ್ ಕೆರಳಿಸಬಹುದು. ಇನ್ನೊಂದು ಫಾರ್ವರ್ಡ್ ಹಾಕಿದ್ರೆ ನಿಮಗೆ ಉತ್ತರ ಇಲ್ಲ.

ಶಿಲ್ಪಾ: ಡಾಕ್ಟ್ರೇ, ಎಎಂಎಚ್?

ಸವಿತಾ: ಗೊತ್ತಿರೋರು ಹೇಳಿದ್ರೆ ಇಲ್ಲಿ ಯಾರೂ ಕೇಳಲ್ಲ ಬಿಡಿ.

ರೂಪಾ: ಗೊತ್ತಿರೋರು ಡೋಸ್ ಹೇಳ್ತಾರೆ.